ಒಂದೇ ಕುರ್ಚಿಯಲ್ಲಿ ಕುಳಿತವರು

— ಇಬ್ಬರ ಕೈಯಲ್ಲೂ ಒಂದೇ ವಾದ್ಯ, ಟೆನರ್ ಸ್ಯಾಕ್ಸೋಫೋನ್. ಕೇಳುವವರಿಗೆ ಯಾರು ಯಾರೆಂದು ಗೊತ್ತಾಗುವುದು ಹೇಗೆ?

— ಸ್ವರ ಹುಟ್ಟುವ ಕಡೆಗಿಂತ ಮುಗಿಯುವ ಕಡೆ ಕಿವಿ ಕೊಡು. ಒಬ್ಬನ ಸ್ವರ ಅಂಚು ಕಟ್ಟಿದಂತೆ ಖಚಿತವಾಗಿ ನಿಲ್ಲುತ್ತದೆ. ಇನ್ನೊಬ್ಬನದು ಸುಲಭಕ್ಕೆ ನಿಲ್ಲುವುದಿಲ್ಲ. ನಾದ ಆರಿದ ಮೇಲೂ ಉಸಿರು ಸ್ವಲ್ಪ ಹೊತ್ತು ಕೇಳಿಸುತ್ತಿರುತ್ತದೆ. ಮೊದಲನೆಯವನು ಕೋಲ್ಮನ್ ಹಾಕಿನ್ಸ್. ಉಸಿರು ಉಳಿಸಿ ಹೋಗುವವನು ಬೆನ್ ವೆಬ್‌ಸ್ಟರ್. ಈ ಗುರುತು ಹಿಡಿದುಕೊಂಡರೆ ‘ಕೋಲ್ಮನ್ ಹಾಕಿನ್ಸ್ ಎನ್‌ಕೌಂಟರ್ಸ್ ಬೆನ್ ವೆಬ್‌ಸ್ಟರ್’ ಆಲ್ಬಮ್ಮಿನ ಏಳು ಹಾಡುಗಳಲ್ಲಿ ದಾರಿ ತಪ್ಪುವುದಿಲ್ಲ.

— ಉಸಿರಿನ ಸದ್ದು ಕೇಳಿಸುವುದನ್ನು ಗುಣ ಅನ್ನುತ್ತೀರಾ? ನಾನು ಕೊಳಲು ಕಲಿತವಳು. ಸ್ವರದ ಜೊತೆ ಗಾಳಿಯ ಸದ್ದು ಬಂತೆಂದರೆ ನಮ್ಮ ಮೇಷ್ಟ್ರು ಕೈ ಎತ್ತಿ ನಿಲ್ಲಿಸಿಬಿಡುತ್ತಿದ್ದರು. ತುಟಿ ಕೂತಿಲ್ಲ, ಗಾಳಿ ಪೋಲಾಗುತ್ತಿದೆ ಅನ್ನುತ್ತಿದ್ದರು.

— ಮೇಷ್ಟ್ರು ಹೇಳಿದ್ದು ಸರಿಯೇ. ಆದರೆ ವೆಬ್‌ಸ್ಟರ್‌ನದು ಪೋಲಾದ ಗಾಳಿಯಲ್ಲ. ಸ್ಯಾಕ್ಸೋಫೋನಿನ ಬಾಯಲ್ಲಿ ಜೊಂಡಿನಿಂದ ಸೀಳಿ ಮಾಡಿದ ತೆಳ್ಳನೆಯ ಪಟ್ಟಿಯೊಂದು ಇರುತ್ತದಲ್ಲ, ರೀಡ್ ಅನ್ನುತ್ತಾರೆ. ಅದು ಕಂಪಿಸಿದರೇ ಸ್ವರ. ದವಡೆ ಸಡಿಲಿಸಿ, ಕೆಳದುಟಿಯನ್ನು ರೀಡಿನ ಮೇಲೆ ಮೆತ್ತಗೆ ಹಾಸಿ ಊದಿದರೆ ಮೇಲಿನ ಉಪಸ್ವರಗಳು ತಗ್ಗುತ್ತವೆ, ಮಂದ್ರದ ಸ್ವರ ಗಾಳಿಯೊಡನೆ ಬೆರೆತು ಬರುತ್ತದೆ. ಸಬ್‌ಟೋನ್ ಎಂದು ಅದರ ಹೆಸರು. ಸ್ವಲ್ಪ ಹೆಚ್ಚು ಸಡಿಲಾದರೆ ಸ್ವರವೇ ಹುಟ್ಟುವುದಿಲ್ಲ, ಸ್ವಲ್ಪ ಬಿಗಿಯಾದರೆ ಗಾಳಿ ಮಾಯ. ವೆಬ್‌ಸ್ಟರ್ ಆ ಎರಡರ ನಡುವಿನ ಸಣ್ಣ ಜಾಗದಲ್ಲಿ ಒಂದು ಇಡೀ ಹಾಡನ್ನು ನುಡಿಸಿ ಮುಗಿಸುತ್ತಾನೆ. ಕೊನೆಯ ಸ್ವರಕ್ಕೆ ಬಂದಾಗ ಕಂಪನವನ್ನು ಬೇಕೆಂದೇ ತಡವಾಗಿ ಶುರುಮಾಡುತ್ತಾನೆ, ಆಮೇಲೆ ಅದನ್ನು ನಿಧಾನ ಮಾಡುತ್ತಾ ಹೋಗುತ್ತಾನೆ, ರೀಡು ನಡುಗುವುದು ನಿಂತ ಮೇಲೂ ಊದುತ್ತಲೇ ಇರುತ್ತಾನೆ. ಕೊಳಲು ಹಿಡಿದವಳು ನೀನು, ಅದು ಎಂಥ ಹಿಡಿತ ಎಂದು ನನಗಿಂತ ಚೆನ್ನಾಗಿ ನಿನಗೆ ಗೊತ್ತಾಗಬೇಕು.

— ಗೊತ್ತಾಗುತ್ತದೆ. ಮೆಲ್ಲಗೆ ಊದುವುದು ಜೋರಾಗಿ ಊದುವುದಕ್ಕಿಂತ ಕಷ್ಟ. ಹೊಟ್ಟೆಯಿಂದ ಬರುವ ಒತ್ತಡ ಅಷ್ಟೇ ಇರಬೇಕು, ಬಿಡುವುದು ಮಾತ್ರ ಕಡಿಮೆ. ಅದಿರಲಿ, ನಮ್ಮ ಕಿವಿಗೆ ಸ್ಯಾಕ್ಸೋಫೋನ್ ಅಂದರೆ ಕದ್ರಿ ಗೋಪಾಲನಾಥರು. ಮಂಗಳೂರು ಕಡೆ ಮದುವೆಗೂ ದೇವರ ಉತ್ಸವಕ್ಕೂ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಊದುವವರಿದ್ದಾರೆ. ಈ ಹಾಕಿನ್ಸ್, ವೆಬ್‌ಸ್ಟರ್ ನುಡಿಸುವುದು ಅದೇ ವಾದ್ಯ ಅನ್ನಿಸುವುದೇ ಇಲ್ಲ.

— ಗೋಪಾಲನಾಥರು ಆಲ್ಟೊ ನುಡಿಸುತ್ತಿದ್ದರು, ಇದು ಅದಕ್ಕಿಂತ ತಗ್ಗಿನ ಟೆನರ್. ವ್ಯತ್ಯಾಸ ಅಷ್ಟೇ ಅಲ್ಲ. ಅವರು ಕೀಲಿಗಳಿರುವ ವಾದ್ಯದಿಂದ ಗಮಕ ಹೊರಡಿಸಬೇಕಿತ್ತು, ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯೇ ಅವರ ಕಷ್ಟ ಮತ್ತು ಸಾಧನೆ. ಹಾಕಿನ್ಸನ ಕಷ್ಟ ಬೇರೆ. ನಿನಗೆ ಷಡ್ಜ ಒಂದು ಕಡೆ ಕೂತಿರುತ್ತದೆ, ಎಲ್ಲಿ ಹೋದರೂ ವಾಪಸು ಬರಬಹುದು. ಅವನಿಗೆ ಕಾಲ ಕೆಳಗಿನ ನೆಲವೇ ಒಂದೆರಡು ಬಾರ್‌ಗೊಮ್ಮೆ ಸರಿಯುತ್ತದೆ. ಈ ಹಾಡುಗಳಲ್ಲಿ ಬಹಳಷ್ಟು 32 ಬಾರ್‌ಗಳ ಚೌಕಟ್ಟಿನವು, ಬಾರ್ ಒಂದಕ್ಕೆ ನಾಲ್ಕು ಎಣಿಕೆ. ಪಿಯಾನೋ, ಗಿಟಾರ್ ಕೆಳಗಿನಿಂದ ಸ್ವರಗುಚ್ಛಗಳನ್ನು ಬದಲಿಸುತ್ತಲೇ ಇರುತ್ತವೆ. ಒಂದು ಸುತ್ತು ಮುಗಿಯಿತೆಂದರೆ ತಡವಿಲ್ಲದೆ ಮತ್ತೆ ಮೊದಲಿನಿಂದ. ಆ ಸುತ್ತಿನ ಮೇಲೆ ಕೂತು ಆಗಿಂದಾಗ್ಗೆ ಹೊಸ ಹಾಡು ಕಟ್ಟುವುದೇ ಅವರ ಮನೋಧರ್ಮ.

ಹಾಕಿನ್ಸ್ ಮಾಡಿದ್ದೇನೆಂದರೆ ಪ್ರತಿ ಸ್ವರಗುಚ್ಛವನ್ನೂ ಬಿಚ್ಚಿ ಅದರೊಳಗಿನ ಸ್ವರಗಳನ್ನೆಲ್ಲ ಹೊರಗೆ ತಂದ. ಮೇಲಿನ ರಾಗವನ್ನು ಬಿಟ್ಟು ಕೆಳಗಿನ ಕಟ್ಟಡದಿಂದಲೇ ರಾಗ ಮಾಡಿದ. 1939ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ ‘ಬಾಡಿ ಅಂಡ್ ಸೋಲ್’ ಧ್ವನಿಮುದ್ರಿಸಿದಾಗ ಮೊದಲ ಕೆಲವು ಬಾರ್ ಕಳೆಯುತ್ತಲೇ ಮೂಲ ಹಾಡನ್ನು ಬಿಟ್ಟುಬಿಟ್ಟ. ಎರಡು ಸುತ್ತು, ಮೂರು ನಿಮಿಷ, ಹಾಡಿಕೊಳ್ಳಲು ಬರುವ ಧಾಟಿ ಹೆಚ್ಚೇನೂ ಇಲ್ಲ. ಆದರೂ ಜನ ಅದನ್ನು ಜೂಕ್‌ಬಾಕ್ಸಿಗೆ ನಾಣ್ಯ ಹಾಕಿ ಕೇಳಿದರು. ಅವನಿಗಿಂತ ಮೊದಲು ಟೆನರ್ ಸ್ಯಾಕ್ಸೋಫೋನ್ ಬ್ಯಾಂಡಿನಲ್ಲಿ ನಗೆ ತರಿಸುವ ವಾದ್ಯವಾಗಿತ್ತು. ನಾಲಿಗೆಯಿಂದ ರೀಡಿಗೆ ಬಡಿದು ಪಟಪಟ ಸದ್ದು ಹೊರಡಿಸುವುದು ಆಗಿನ ಶೈಲಿ. 1924ರ ಹೊತ್ತಿನಲ್ಲಿ ಅವನೂ ಹಾಗೇ ನುಡಿಸುತ್ತಿದ್ದ. ಬಾಲ್ಯದಲ್ಲಿ ಚೆಲ್ಲೋ ಕಲಿತಿದ್ದವನು. ಗಟ್ಟಿ ರೀಡು, ಅಗಲ ಬಾಯಿಯ ಮೌತ್‌ಪೀಸ್ ಹಾಕಿಕೊಂಡು ಆ ಚೆಲ್ಲೋವಿನ ತುಂಬುದನಿಯನ್ನು ಹಿತ್ತಾಳೆಯೊಳಗಿಂದ ಹೊರಡಿಸಿದ.

— ವೆಬ್‌ಸ್ಟರ್ ಅವನ ಶಿಷ್ಯನೇ?

— ಪಾಠ ಹೇಳಿಸಿಕೊಂಡ ಶಿಷ್ಯನಲ್ಲ, ರೆಕಾರ್ಡ್ ಕೇಳಿ ಆದ ಶಿಷ್ಯ. ಹಾಕಿನ್ಸ್ ಹುಟ್ಟಿದ್ದು 1904ರಲ್ಲಿ, ಮಿಸೌರಿ ರಾಜ್ಯದ ಸೇಂಟ್ ಜೋಸೆಫ್‌ನಲ್ಲಿ. ವೆಬ್‌ಸ್ಟರ್ 1909ರಲ್ಲಿ, ಅದೇ ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ. ಅವನು ಮೊದಲು ಪಿಯಾನೋ ನುಡಿಸುತ್ತಿದ್ದ. ಟೆಕ್ಸಸ್‌ನ ಅಮರಿಲೋ ಊರಿನಲ್ಲಿ ಮೂಕಿಚಿತ್ರಗಳಿಗೆ ಪಿಯಾನೋ ಬಾರಿಸಿದ್ದಾನೆ. ಸ್ಯಾಕ್ಸೋಫೋನಿನ ಮೊದಲ ಪಾಠ ಹೇಳಿಕೊಟ್ಟವನು ಬಡ್ ಜಾನ್ಸನ್. ಆಮೇಲೆ ಲೆಸ್ಟರ್ ಯಂಗ್‌ನ ತಂದೆ ನಡೆಸುತ್ತಿದ್ದ ಕುಟುಂಬದ ಬ್ಯಾಂಡಿಗೆ ಸೇರಿ ಅಲ್ಲಿ ಕಲಿತ. ಲೆಸ್ಟರ್ ಯಂಗ್ ಹೆಸರು ನೆನಪಿಟ್ಟುಕೋ, ಈ ಕಥೆಗೆ ಅವನು ಬೇಕು.

ಆಗ ನ್ಯೂಯಾರ್ಕಿನ ದೊಡ್ಡ ಬ್ಯಾಂಡೆಂದರೆ ಫ್ಲೆಚರ್ ಹೆಂಡರ್ಸನ್‌ನದು. ಹತ್ತು ವರ್ಷ ಅಲ್ಲಿ ಟೆನರ್ ಕುರ್ಚಿ ಹಾಕಿನ್ಸನದು. 1934ರಲ್ಲಿ ಅವನು ಬಿಟ್ಟು ಯುರೋಪಿಗೆ ಹೊರಟ, ಐದು ವರ್ಷ ಅಲ್ಲೇ ಉಳಿದ. ಆ ಕುರ್ಚಿಗೆ ಲೆಸ್ಟರ್ ಯಂಗ್‌ನನ್ನು ಕರೆತಂದರು. ಲೆಸ್ಟರನ ದನಿ ಹಗುರ, ಕಂಪನ ಕಡಿಮೆ, ಹಾಕಿನ್ಸನ ಗಾಂಭೀರ್ಯ ಅವನಲ್ಲಿಲ್ಲ. ಜೊತೆಯವರಿಗೆ ಹಿಡಿಸಲಿಲ್ಲ. ಹೆಂಡರ್ಸನ್‌ನ ಹೆಂಡತಿ ಬೆಳಿಗ್ಗೆ ಬೆಳಿಗ್ಗೆ ಅವನಿಗೆ ಹಾಕಿನ್ಸನ ರೆಕಾರ್ಡ್ ಹಾಕಿ, ಹೀಗೆ ನುಡಿಸು ಎಂದು ಹೇಳಿಕೊಡುತ್ತಿದ್ದಳು ಎಂದು ಲೆಸ್ಟರನೇ ಆಮೇಲೆ ಹೇಳಿಕೊಂಡಿದ್ದಾನೆ. ಕೆಲವೇ ತಿಂಗಳಲ್ಲಿ ಅವನು ಹೊರಟುಹೋದ. ಅವನು ಬಿಟ್ಟ ಜಾಗಕ್ಕೆ ಬಂದವನು ಬೆನ್ ವೆಬ್‌ಸ್ಟರ್. ಇವನ ದನಿ ಆಗ ಹಾಕಿನ್ಸನ ದನಿಗೆ ಹತ್ತಿರವಿತ್ತು, ಯಾರೂ ತಕರಾರು ಮಾಡಲಿಲ್ಲ.

— ಹಾಗಾದರೆ ಅನುಕರಣೆಗೇ ಸಿಕ್ಕ ಕೆಲಸ ಅದು.

— ಆ ಹೊತ್ತಿಗೆ ಹೌದು. ಅದರಿಂದ ಹೊರಬರಲು ಅವನಿಗೆ ವರ್ಷಗಳೇ ಹಿಡಿದವು. 1940ರಲ್ಲಿ ಡ್ಯೂಕ್ ಎಲಿಂಗ್ಟನ್ ಬ್ಯಾಂಡಿಗೆ ಸೇರಿದ, 1943ರವರೆಗೆ ಇದ್ದ. ಅಲ್ಲಿ ಜಾನಿ ಹಾಜಸ್ ಇದ್ದ, ಆಲ್ಟೊದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದರಲ್ಲೇ ಮನಸ್ಸು ಕರಗಿಸುವವನು. ಅವನ ಜೊತೆ ದಿನವೂ ಕೂತು ನುಡಿಸಿದ್ದು ವೆಬ್‌ಸ್ಟರ್‌ನನ್ನು ಬದಲಿಸಿತು. ‘ಕಾಟನ್ ಟೇಲ್’ ಎಂಬ ವೇಗದ ಹಾಡಿನಲ್ಲಿ ಅವನ ಸೋಲೋ ಕೇಳಿದರೆ ಇನ್ನೂ ಹಾಕಿನ್ಸನ ನೆರಳು ಕಾಣುತ್ತದೆ. 1941ರ ‘ಚೆಲ್ಸೀ ಬ್ರಿಜ್’ ಕೇಳಿದರೆ ನೆರಳು ಸರಿದಿದೆ. ಅಲ್ಲಿಂದ ಅವನು ಸ್ವರಗಳನ್ನು ಬಿಡುತ್ತಾ ಬಂದ. ಹಾಕಿನ್ಸ್ ಎಂಟು ಸ್ವರ ಇಡುವ ಕಡೆ ಇವನು ಎರಡು ಇಡುತ್ತಾನೆ. ಆ ಎರಡನ್ನು ಹೇಗೆ ಊದಬೇಕೆಂದು ಮಾತ್ರ ಬೇರೆ ಯಾರಿಗೂ ಗೊತ್ತಿರಲಿಲ್ಲ.

— ಈ ಆಲ್ಬಮ್ಮಿಗೆ ಮೊದಲು ಇಬ್ಬರೂ ಮುಖಾಮುಖಿ ಆಗಿರಲಿಲ್ಲವೇ?

— ಆಗಿದ್ದರು, ಅದೂ ಎಂಥ ರಾತ್ರಿ! ಹಾಕಿನ್ಸ್ ಇನ್ನೂ ಹೆಂಡರ್ಸನ್ ಬ್ಯಾಂಡಿನಲ್ಲಿದ್ದ ಕಾಲ, 1930ರ ದಶಕದ ಆರಂಭ. ಬ್ಯಾಂಡು ಕ್ಯಾನ್ಸಸ್ ಸಿಟಿಗೆ ಬಂದಿತ್ತು. ಚೆರ್ರಿ ಬ್ಲಾಸಮ್ ಎಂಬ ಕ್ಲಬ್ಬಿನಲ್ಲಿ ಹಾಕಿನ್ಸ್ ಇದ್ದಾನೆಂಬ ಸುದ್ದಿ ಹರಡಿ ಊರಿನ ಟೆನರ್‌ಗಳೆಲ್ಲ ವಾದ್ಯ ಎತ್ತಿಕೊಂಡು ಬಂದರು: ಲೆಸ್ಟರ್ ಯಂಗ್, ಹರ್ಷಲ್ ಎವನ್ಸ್, ಬೆನ್ ವೆಬ್‌ಸ್ಟರ್. ಪಿಯಾನೋ ವಾದಕಿ ಮೇರಿ ಲೂ ವಿಲಿಯಮ್ಸ್ ಆ ರಾತ್ರಿಯ ಕಥೆ ಹೇಳಿದ್ದಾಳೆ. ಬೆಳಗಿನ ಜಾವ ಯಾರೋ ಕಿಟಕಿಯ ಜಾಲರಿ ಕೆರೆದಂತಾಯಿತಂತೆ. ನೋಡಿದರೆ ವೆಬ್‌ಸ್ಟರ್. ಪಿಯಾನೋ ನುಡಿಸುವವರೆಲ್ಲ ಸುಸ್ತಾಗಿದ್ದಾರೆ, ಎದ್ದು ಬಾ ಎಂದು ಕರೆದನಂತೆ. ಆಕೆ ಹೋಗಿ ನೋಡಿದರೆ ಹಾಕಿನ್ಸ್ ಬನಿಯನ್ನಿನ ಮೇಲೆ ನಿಂತು ಊದುತ್ತಿದ್ದಾನೆ, ಊರವರು ಬಿಡುತ್ತಿಲ್ಲ. ಮುಂದಿನ ಕಾರ್ಯಕ್ರಮ ಸೇಂಟ್ ಲೂಯಿಸ್‌ನಲ್ಲಿ. ಹೊತ್ತಿಗೆ ಮುಟ್ಟಬೇಕೆಂದು ಹೊಸ ಕ್ಯಾಡಿಲಾಕ್ ಕಾರನ್ನು ಓಡಿಸಿ ಓಡಿಸಿ ಎಂಜಿನ್ನೇ ಸುಟ್ಟುಕೊಂಡ ಎಂಬುದು ಕಥೆಯ ಕೊನೆ.

— ಅಂದರೆ ಊರವರು ಗೆದ್ದರು.

— ಊರಿನವರು ಹಾಗೇ ಹೇಳುತ್ತಾರೆ. ಗೆದ್ದವರು ಯಾರೆಂಬುದು ನನಗೆ ಮುಖ್ಯವಲ್ಲ. ಅವತ್ತು ಕಿಟಕಿ ಕೆರೆದ ಹುಡುಗನೂ ಬನಿಯನ್ನಿನಲ್ಲಿ ಬೆವರಿದವನೂ 1957ರ ಅಕ್ಟೋಬರ್ 16ರಂದು ಹಾಲಿವುಡ್ಡಿನ ಕ್ಯಾಪಿಟಲ್ ಸ್ಟುಡಿಯೋದಲ್ಲಿ ಪಕ್ಕಪಕ್ಕ ನಿಂತರಲ್ಲ, ಅದು ಮುಖ್ಯ. ಒಬ್ಬನಿಗೆ 52 ವರ್ಷ, ಇನ್ನೊಬ್ಬನಿಗೆ 48. ಆ ಹೊತ್ತಿಗೆ ಜಾಜ್ ಪತ್ರಿಕೆಗಳ ತುಂಬ ಸಾನಿ ರೋಲಿನ್ಸ್, ಜಾನ್ ಕೋಲ್ಟ್ರೇನ್ ಎಂಬ ಎಳೆಯ ಟೆನರ್‌ಗಳು. ಇವರಿಬ್ಬರೂ ಕಳೆದ ಕಾಲದವರು ಎಂಬ ಭಾವನೆ ಎಲ್ಲ ಕಡೆ ಇತ್ತು. ಆದರೆ ಅದೇ ವರ್ಷ ಜೂನ್‌ನಲ್ಲಿ ಹಾಕಿನ್ಸ್, ಪಿಯಾನೋ ವಾದಕ ಥೆಲೋನಿಯಸ್ ಮಾಂಕ್‌ನ ಆಲ್ಬಮ್ಮಿನಲ್ಲಿ ಕೋಲ್ಟ್ರೇನ್ ಪಕ್ಕದಲ್ಲೇ ನಿಂತು ನುಡಿಸಿದ್ದ. 1944ರಲ್ಲಿ ಮಾಂಕ್‌ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದಾಗ ತನ್ನ ತಂಡಕ್ಕೆ ಸೇರಿಸಿಕೊಂಡು ಸ್ಟುಡಿಯೋಗೆ ಕರೆದೊಯ್ದವನೂ ಅವನೇ. ಎಳೆಯರು ಮಾಡುವುದನ್ನು ಕಂಡು ಮುಖ ತಿರುಗಿಸಿದವನಲ್ಲ ಹಾಕಿನ್ಸ್. ಅವನನ್ನು ಹಳಬ ಎಂದು ಕರೆದವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

— ಒಂದು ದಿನದ ಕೆಲಸವೇ ಇದೆಲ್ಲ?

— ಒಂದು ದಿನದ್ದೂ ಪೂರ್ತಿ ಅಲ್ಲ. ನಿರ್ಮಾಪಕ ನಾರ್ಮನ್ ಗ್ರಾಂಜ್. ಅವನ ವರ್ವ್ ಕಂಪನಿಗೆ ಆಗ ಒಂದು ವರ್ಷ ತುಂಬಿತ್ತಷ್ಟೆ. ಆಸ್ಕರ್ ಪೀಟರ್ಸನ್‌ನ ತಂಡವನ್ನು ಸ್ಟುಡಿಯೋದಲ್ಲಿ ಕೂರಿಸಿ ಅಕ್ಟೋಬರ್ 15ರಂದು ವೆಬ್‌ಸ್ಟರ್‌ನ ‘ಸೋಲ್‌ವಿಲ್’ ಮುಗಿಸಿದ. 16ರಂದು ‘ದ ಜೀನಿಯಸ್ ಆಫ್ ಕೋಲ್ಮನ್ ಹಾಕಿನ್ಸ್’. ಅದೇ 16ರಂದೇ ಇಬ್ಬರನ್ನೂ ಸೇರಿಸಿ ಈ ಆಲ್ಬಮ್. ಎರಡು ದಿನಕ್ಕೆ ಮೂರು ಎಲ್‌ಪಿ. ಇದು ಹೊರಬಂದದ್ದು 1959ರಲ್ಲಿ, ಸುಮಾರು 36 ನಿಮಿಷ.

— ಅಷ್ಟು ಅವಸರದಲ್ಲಿ ಮಾಡಿದ್ದು ಇಷ್ಟು ನಿಧಾನವಾಗಿ ಹೇಗೆ ಕೇಳಿಸುತ್ತದೆ?

— ಏಕೆಂದರೆ ತಾಲೀಮು ಬೇಕಿರಲಿಲ್ಲ. ಹಾಡುಗಳು ಎಲ್ಲರಿಗೂ ಗೊತ್ತಿದ್ದವು. ‘ಶೈನ್ ಆನ್, ಹಾರ್ವೆಸ್ಟ್ ಮೂನ್’ 1908ರದು. ‘ಲಾ ರೋಸಿಟಾ’ 1920ರ ದಶಕದ್ದು. ‘ಪ್ರಿಸನರ್ ಆಫ್ ಲವ್’ 1931. ‘ಟ್ಯಾಂಜರೀನ್’, ಕೋಲ್ ಪೋರ್ಟರ್‌ನ ‘ಯೂಡ್ ಬಿ ಸೋ ನೈಸ್ ಟು ಕಮ್ ಹೋಮ್ ಟು’ ಎರಡೂ ಯುದ್ಧಕಾಲದ ಸಿನಿಮಾ ಹಾಡುಗಳು. ಹಾಕಿನ್ಸ್ ಬರೆದ ಒಂದು ಬ್ಲೂಸ್ ಬಿಟ್ಟರೆ ಯಾವುದೂ ಹೊಸದಲ್ಲ. ಪೀಟರ್ಸನ್ ಪಿಯಾನೋ, ಹರ್ಬ್ ಎಲಿಸ್ ಗಿಟಾರ್, ರೇ ಬ್ರೌನ್ ಬೇಸ್. ಮೂವರೂ ವರ್ಷಗಟ್ಟಲೆ ಡ್ರಮ್ಮಿಲ್ಲದೆ ಒಟ್ಟಿಗೆ ನುಡಿಸಿದವರು. ಈ ದಿನಕ್ಕೆ ಆಲ್ವಿನ್ ಸ್ಟೋಲರ್ ಡ್ರಮ್ಸ್‌ಗೆ ಕೂತ. ಪೀಟರ್ಸನ್‌ನ ಬೆರಳು ಎಷ್ಟು ಓಡಬಲ್ಲದೆಂದು ಅವನ ಬೇರೆ ರೆಕಾರ್ಡ್ ಕೇಳಿದವರಿಗೆ ಗೊತ್ತು. ಇಲ್ಲಿ ಅವನು ತನ್ನನ್ನು ತಾನು ಹಿಂದಕ್ಕೆ ಎಳೆದುಕೊಂಡಿದ್ದಾನೆ. ಎರಡು ಟೆನರ್‌ಗಳ ದನಿ ಇರುವ ಎತ್ತರವನ್ನು ತಪ್ಪಿಸಿ ಮೇಲೆ ಸಣ್ಣ ಸ್ವರಗಳನ್ನು ಇಡುತ್ತಾನೆ, ಸಾಕೆನಿಸಿದಾಗ ಬಿಡುತ್ತಾನೆ. ಅವನ ಅತ್ಯುತ್ತಮ ಕೆಲಸಗಳಲ್ಲಿ ಇದೂ ಒಂದು ಎಂದು ನನ್ನ ಅಭಿಪ್ರಾಯ. ಇನ್ನೊಂದು ಮಾತು. ಗ್ರಾಂಜ್ ತನ್ನ ಸಂಗೀತ ಕಚೇರಿಗಳಲ್ಲಿ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಆಸನವಿಟ್ಟರೆ ಒಪ್ಪುತ್ತಿರಲಿಲ್ಲ. ಈ ಸ್ಟುಡಿಯೋದ ಆರು ಜನರಲ್ಲಿ ಎಲಿಸ್ ಮತ್ತು ಸ್ಟೋಲರ್ ಬಿಳಿಯರು. ಅದಕ್ಕೆ ಕೆಲವೇ ವಾರ ಮೊದಲು ಅರ್ಕಾನ್ಸಸ್‌ನ ಲಿಟಲ್ ರಾಕ್‌ನಲ್ಲಿ ಒಂಬತ್ತು ಕರಿಯ ವಿದ್ಯಾರ್ಥಿಗಳನ್ನು ಶಾಲೆಯೊಳಗೆ ಬಿಡಿಸಲು ಸೈನ್ಯ ಬರಬೇಕಾಗಿತ್ತು. ಆ ದೇಶದಲ್ಲಿ, ಆ ತಿಂಗಳಲ್ಲಿ ಆದ ಧ್ವನಿಮುದ್ರಣ ಇದು.

— ಇದನ್ನು ಜುಗಲ್‌ಬಂದಿ ಅನ್ನಬಹುದೇ?

— ಅಂದುಕೊಂಡರೆ ನಿರಾಸೆಯಾಗುತ್ತದೆ. ಜುಗಲ್‌ಬಂದಿಯಲ್ಲಿ ನಾವು ಸವಾಲು-ಜವಾಬಿಗೆ ಕಾಯುತ್ತೇವೆ, ಕೊನೆಗೆ ವೇಗ ಏರಲಿ ಎಂದು ಬಯಸುತ್ತೇವೆ. ಇಲ್ಲಿ ಅದಾಗುವುದಿಲ್ಲ. ಒಬ್ಬ ತನ್ನ ಸುತ್ತು ನುಡಿಸಿ ಮುಗಿಸುತ್ತಾನೆ, ಇನ್ನೊಬ್ಬ ತನ್ನದನ್ನು ಶುರುಮಾಡುತ್ತಾನೆ. ಹಾಗೆಂದು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿಲ್ಲ ಅಂತಲ್ಲ. ಗ್ರಾಂಜ್ ವರ್ಷಗಟ್ಟಲೆ ಊರೂರು ಸುತ್ತಿಸಿದ ‘ಜಾಜ್ ಅಟ್ ದ ಫಿಲ್ಹಾರ್ಮೋನಿಕ್’ ಕಚೇರಿಗಳಲ್ಲಿ ಟೆನರ್‌ಗಳನ್ನು ಎದುರುಬದುರು ನಿಲ್ಲಿಸಿ ಜನರನ್ನು ಕುಣಿಸುವುದೇ ಆಟವಾಗಿತ್ತು. ಸ್ಟುಡಿಯೋದಲ್ಲಿ ಜನ ಇರಲಿಲ್ಲ, ಆ ಆಟವೂ ಇಲ್ಲ.

— ಆದರೆ ಮೊದಲ ಹಾಡಿನಲ್ಲಿ ಹಾಕಿನ್ಸ್ ಮಾಡುವುದೇನು? ‘ಬ್ಲೂಸ್ ಫಾರ್ ಯೋಲಾಂಡ್’. ಕೂತಲ್ಲಿಂದ ಎದ್ದುಬಿಟ್ಟೆ. ಮೇಲಿನ ಒಂದು ಸ್ವರ ಹಿಡಿದು, ಗಂಟಲು ಬಿಗಿದು, ಕರ್ಕಶವಾಗಿ ಮತ್ತೆ ಮತ್ತೆ ಅದನ್ನೇ ಕೂಗಿಸುತ್ತಾನೆ. ಅಷ್ಟು ಹೊತ್ತು ಎಷ್ಟು ಚೆನ್ನಾಗಿ ನಡೆದಿತ್ತು! ಸಭ್ಯತೆ ಬಿಟ್ಟಂತಾಯಿತು.

— ಅದನ್ನು ಇಷ್ಟಪಡದವರು ಬಹಳ ಮಂದಿ. ನನಗೆ ಈ ಆಲ್ಬಮ್ಮಿನಲ್ಲಿ ಅದು ಬಹಳ ದೊಡ್ಡ ಗಳಿಗೆ. ಹನ್ನೆರಡು ಬಾರ್‌ಗಳ ಬ್ಲೂಸ್‌ನಲ್ಲಿ ನೆಲ ಸರಿಯುವುದು ಕಡಿಮೆ, ಹಾಕಿನ್ಸನಿಗೆ ಬಿಚ್ಚಲು ಹೆಚ್ಚು ಗಂಟುಗಳಿಲ್ಲ. ಸ್ವರಗುಚ್ಛಗಳ ವಿದ್ವಾಂಸ ಅವನು, ಇಲ್ಲಿ ವಿದ್ವತ್ತಿಗೆ ಕೆಲಸವಿಲ್ಲ. ಆಗ ಏನು ಮಾಡಬೇಕು? ಕೂಗಬೇಕು. ಆ ವರ್ಷಗಳಲ್ಲಿ ರಿದಮ್ ಅಂಡ್ ಬ್ಲೂಸ್ ಬ್ಯಾಂಡಿನವರು ಹೋಟೆಲಿನ ಮೇಜಿನ ಮೇಲೆ ನಿಂತು ಹಾಗೆ ಕೂಗುತ್ತಿದ್ದರು, ವಿದ್ವಾಂಸರು ಮೂಗು ಮುರಿಯುತ್ತಿದ್ದರು. ಹಾಕಿನ್ಸ್ ಮೂಗು ಮುರಿಯಲಿಲ್ಲ, ಆ ಕೂಗನ್ನೇ ತೆಗೆದುಕೊಂಡ. ಗಮನಿಸು, ತಾಳ ಒಂದಿಷ್ಟೂ ಕದಲುವುದಿಲ್ಲ. ಕೂಗು ಬಿರುಸಾಗಿದೆ, ಬೀಳುವ ಜಾಗ ಕರಾರುವಾಕ್ಕು.

— ನನಗೆ ಇನ್ನೂ ಒಪ್ಪಿಗೆಯಾಗಿಲ್ಲ.

— ಆಗಬೇಕಾಗಿಲ್ಲ. ಆದರೆ ಒಂದು ಯೋಚನೆ ಮಾಡು. 52 ವರ್ಷದವನು, ಈ ವಾದ್ಯಕ್ಕೇ ತಂದೆಯಂತೆ ಇರುವವನು, ಪಕ್ಕದಲ್ಲಿ ತನ್ನನ್ನು ನೋಡಿ ಬೆಳೆದವನು ನಿಂತಿದ್ದಾನೆ. ಹಿರಿಯನಾಗಿ ಗಂಭೀರವಾಗಿ ನುಡಿಸಿ ಗೌರವ ಪಡೆಯಬಹುದಿತ್ತು. ಅದರ ಬದಲು ಗೌರವಕ್ಕೆ ಧಕ್ಕೆ ತರುವಂಥದ್ದನ್ನೇ ಮಾಡುತ್ತಾನೆ. ಗುರುವಿನ ಪೀಠದ ಮೇಲೆ ಕೂರಲು ಅವನು ಒಪ್ಪಲೇ ಇಲ್ಲ. ವೆಬ್‌ಸ್ಟರ್‌ಗೆ ಅದರಿಂದ ಎಷ್ಟು ಹಗುರಾಯಿತೋ!

— ವೆಬ್‌ಸ್ಟರ್ ಆ ಕೂಗಿಗೆ ಕೂಗಿನಿಂದ ಉತ್ತರ ಕೊಡುವುದಿಲ್ಲ.

— ಅಲ್ಲಿದೆ ನೋಡು. ಕೂಗಲು ಬಾರದವನಲ್ಲ ಅವನು. ಅವನಿಗೆ ‘ಬ್ರೂಟ್’ ಎಂದೇ ಅಡ್ಡಹೆಸರು. ವೇಗದ ಹಾಡಿನಲ್ಲಿ ಗಂಟಲಿನಿಂದ ಗುರುಗುಟ್ಟುವುದರಲ್ಲಿ ಅವನನ್ನು ಮೀರಿಸಿದವರು ಕಡಿಮೆ, ಕುಡಿದರೆ ಕೈ ಮುಂದಾಗುತ್ತಿದ್ದ ಮನುಷ್ಯ ಬೇರೆ. ಆದರೂ ಗುರುವಿನ ಎದುರು ಅವನು ಹಿಡಿದ ದಾರಿ ಕಡಿಮೆ ಮಾಡುವ ದಾರಿ. ‘ಇಟ್ ನೆವರ್ ಎಂಟರ್ಡ್ ಮೈ ಮೈಂಡ್’ ತೆಗೆದುಕೋ. ರಿಚರ್ಡ್ ರಾಜರ್ಸ್ ಮತ್ತು ಲೊರೆಂಜ್ ಹಾರ್ಟ್ 1940ರ ಒಂದು ಸಂಗೀತ ನಾಟಕಕ್ಕೆ ಬರೆದದ್ದು. ಹಾಡಿನ ಧಾಟಿ ಎರಡು ಸ್ವರಗಳ ನಡುವೆ ಓಲಾಡುತ್ತದೆ, ಒಂಟಿಯಾಗಿ ಉಳಿದ ಹೆಂಗಸಿನ ಹಾಡು. ಮೈಲ್ಸ್ ಡೇವಿಸ್ 1956ರಲ್ಲಿ ಟ್ರಂಪೆಟ್ಟಿಗೆ ಮ್ಯೂಟ್ ಹಾಕಿ ಇದನ್ನು ಬಹಳ ತಣ್ಣಗೆ ನುಡಿಸಿದ್ದಾನೆ. ವೆಬ್‌ಸ್ಟರ್‌ನದು ತಣ್ಣಗಿಲ್ಲ. ಧಾಟಿಯನ್ನು ಅವನು ಮುಟ್ಟುವುದೇ ಇಲ್ಲ ಎನ್ನುವಷ್ಟು ಕಡಿಮೆ ಬದಲಿಸುತ್ತಾನೆ. ಎಲ್ಲ ಕೆಲಸ ಸ್ವರದೊಳಗೆ ನಡೆಯುತ್ತದೆ: ಎಲ್ಲಿಂದ ಜಾರಿ ಬರಬೇಕು, ಎಷ್ಟು ಗಾಳಿ ಬೆರೆಸಬೇಕು, ಕಂಪನ ಯಾವಾಗ ಶುರುವಾಗಬೇಕು. ಹಾಕಿನ್ಸನ ಸುತ್ತಿನಲ್ಲಿ ಅದೇ ಹಾಡು ವಾಕ್ಯಗಳಿಂದ ತುಂಬುತ್ತದೆ. ಅವನು ಒಂದು ಸ್ವರಗುಚ್ಛದ ಮೇಲೆ ಹತ್ತಿ ಮುಂದಿನದರೊಳಕ್ಕೆ ಇಳಿಯುತ್ತಾನೆ, ಎಲ್ಲೂ ಬಾಗಿಲು ತೆರೆದಿಟ್ಟು ಹೋಗುವುದಿಲ್ಲ. ಹಾಕಿನ್ಸ್ ಆ ಹೆಂಗಸಿನ ಬಗ್ಗೆ ಎಲ್ಲ ತಿಳಿದವನಂತೆ ಮಾತಾಡುತ್ತಾನೆ. ವೆಬ್‌ಸ್ಟರ್ ಅವಳೇ ಆಗಿ ಮಾತಾಡುತ್ತಾನೆ.

— ‘ಲಾ ರೋಸಿಟಾ’ದ ಬಗ್ಗೆ ಹೇಳಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅದು.

— ಎಲ್ಲರಿಗೂ ಹಿಡಿಸುತ್ತದೆ. ಲ್ಯಾಟಿನ್ ನಡೆ, ಸ್ಟೋಲರ್‌ನ ಕೈಚಳಕ. ಆ ಕಾಲಕ್ಕೇ ಹಳೆಯದಾಗಿದ್ದ, ಸ್ವಲ್ಪ ಸಕ್ಕರೆ ಹೆಚ್ಚಾದ ಹಾಡು. ಬೇರೆಯವರು ನುಡಿಸಿದ್ದರೆ ಚಹಾ ಅಂಗಡಿಯ ಸಂಗೀತವಾಗುತ್ತಿತ್ತು. ಇವರಿಬ್ಬರೂ ಅದನ್ನು ಕೀಳೆಂದು ನೋಡದೆ, ಹಾಡನ್ನು ನಂಬಿ ನುಡಿಸಿದ್ದರಿಂದ ಅದು ಉಳಿದುಕೊಂಡಿದೆ. ‘ಟ್ಯಾಂಜರೀನ್’ ಬಗ್ಗೂ ಇದೇ ಮಾತು. ಕೊನೆಯ ‘ಹಾರ್ವೆಸ್ಟ್ ಮೂನ್’ ನನಗೆ ಅಷ್ಟು ಬೇಕೆನಿಸುವುದಿಲ್ಲ, ಲವಲವಿಕೆಯಿದೆ ಅಷ್ಟೆ.

— ಇಬ್ಬರು ಟೆನರ್‌ಗಳ ಬೇರೆ ಆಲ್ಬಮ್‌ಗಳೂ ಇವೆಯಲ್ಲ. ಇದರಲ್ಲೇ ಏನು ವಿಶೇಷ?

— ಹಲವು ಇವೆ. 1956ರ ‘ಟೆನರ್ ಮ್ಯಾಡ್‌ನೆಸ್’ನಲ್ಲಿ ರೋಲಿನ್ಸ್, ಕೋಲ್ಟ್ರೇನ್ ಒಂದು ಹಾಡಿನಲ್ಲಿ ಜೊತೆಗಿದ್ದಾರೆ. 1957ರ ಡಿಸೆಂಬರ್‌ನಲ್ಲಿ ಟ್ರಂಪೆಟ್ ವಾದಕ ಡಿಜಿ ಗಿಲೆಸ್ಪಿ ತನ್ನ ‘ಸಾನಿ ಸೈಡ್ ಅಪ್’ ಆಲ್ಬಮ್ಮಿಗೆ ರೋಲಿನ್ಸ್ ಮತ್ತು ಸಾನಿ ಸ್ಟಿಟ್‌ರನ್ನು ಕರೆದ. ‘ದಿ ಎಟರ್ನಲ್ ಟ್ರಯಾಂಗಲ್’ ಎಂಬ ಹಾಡಿನಲ್ಲಿ ಅವರಿಬ್ಬರ ಹೋರಾಟ ಹದಿನಾಲ್ಕು ನಿಮಿಷ. ಅದು ಕುಸ್ತಿ, ಅದನ್ನು ಕುಸ್ತಿಯೆಂದೇ ಆನಂದಿಸಬೇಕು. ಆದರೆ ಇದರ ಪಕ್ಕಕ್ಕೆ ಇಟ್ಟು ಕೇಳಬೇಕಾದದ್ದು 1963ರ ‘ಸಾನಿ ಮೀಟ್ಸ್ ಹಾಕ್’. ಅಲ್ಲಿಯೂ ಅದೇ ಹಾಕಿನ್ಸ್, ಪಕ್ಕದಲ್ಲಿ ಅವನನ್ನು ದೇವರಂತೆ ಕಂಡ ರೋಲಿನ್ಸ್. ರೋಲಿನ್ಸ್ ಏನು ಮಾಡಿದ ಗೊತ್ತೇ? ಗುರುವಿನಿಂದ ಸಾಧ್ಯವಾದಷ್ಟು ದೂರ ಓಡಿದ. ಸ್ವರಗುಚ್ಛಗಳ ಹೊರಗೆ ನಿಂತು ವಕ್ರವಾಗಿ, ಕೀರಲಾಗಿ, ಬೇರೆ ಲೋಕದವನಂತೆ ನುಡಿಸಿದ. ಅದೂ ಒಂದು ರೀತಿಯ ಗೌರವವೇ. ಹತ್ತಿರ ಬಂದರೆ ನುಂಗಿಹೋಗುತ್ತೇನೆ ಎಂಬ ಅರಿವು ಅದರಲ್ಲಿದೆ. ವೆಬ್‌ಸ್ಟರ್ ಓಡಲಿಲ್ಲ. ಅದೇ ಹಾಡು, ಅದೇ ತುಂಬುದನಿಯ ವಂಶ, ಅದೇ ಹಳೆಯ ಮರ್ಯಾದೆಯೊಳಗೆ, ಗುರುವಿನ ಮಗ್ಗುಲಲ್ಲೇ ನಿಂತ. ನಿಲ್ಲಬಲ್ಲನಾಗಿದ್ದ. ಇನ್ನೊಬ್ಬನ ಹಾಗೆ ಕೇಳಿಸಿಬಿಟ್ಟೇನೆಂಬ ಭಯ ಅವನಿಗೆ ಉಳಿದಿರಲಿಲ್ಲ. ನಾನು ಈ ಆಲ್ಬಮ್ಮನ್ನು ಇಷ್ಟು ಪ್ರೀತಿಸುವುದು ಆ ನೆಮ್ಮದಿಗೆ. ಸಂಗೀತದಲ್ಲಿ ನೆಮ್ಮದಿ ಎಷ್ಟು ಅಪರೂಪ ಎಂದು ಕಲಿಯುವವರಿಗೆ ಗೊತ್ತು.

— ಲೆಸ್ಟರ್ ಯಂಗ್‌ನನ್ನು ನೆನಪಿಟ್ಟುಕೋ ಅಂದಿರಿ.

— ಈ ಧ್ವನಿಮುದ್ರಣ ಆಗಿ ಎರಡು ತಿಂಗಳು ಕಳೆಯುವ ಮೊದಲು, 1957ರ ಡಿಸೆಂಬರ್ 8ರಂದು ಸಿಬಿಎಸ್ ಟೆಲಿವಿಷನ್ ನ್ಯೂಯಾರ್ಕಿನಿಂದ ‘ದ ಸೌಂಡ್ ಆಫ್ ಜಾಜ್’ ಎಂಬ ಕಾರ್ಯಕ್ರಮವನ್ನು ನೇರವಾಗಿ ಪ್ರಸಾರ ಮಾಡಿತು. ಅದರಲ್ಲಿ ಬಿಲಿ ಹಾಲಿಡೇ ತನ್ನದೇ ಬ್ಲೂಸ್ ‘ಫೈನ್ ಅಂಡ್ ಮೆಲೋ’ ಹಾಡುತ್ತಾಳೆ. ಅವಳ ಸುತ್ತ ನಿಂತವರಲ್ಲಿ ಮೂವರು ಟೆನರ್‌ಗಳು: ಹಾಕಿನ್ಸ್, ಯಂಗ್, ವೆಬ್‌ಸ್ಟರ್. ಹೆಂಡರ್ಸನ್ ಬ್ಯಾಂಡಿನಲ್ಲಿ 1934ರ ಒಂದೇ ವರ್ಷ ಒಂದೇ ಕುರ್ಚಿಯಲ್ಲಿ ಒಬ್ಬರಾದ ಮೇಲೊಬ್ಬರು ಕುಳಿತವರು! ಚಿತ್ರ ಈಗಲೂ ಇದೆ, ನೋಡಬಹುದು. ಮೊದಲ ಸೋಲೋ ವೆಬ್‌ಸ್ಟರ್‌ನದು, ಅಗಲವಾಗಿ, ಗಾಳಿ ತುಂಬಿಕೊಂಡು. ಆಮೇಲೆ ಲೆಸ್ಟರ್ ಏಳುತ್ತಾನೆ. ಆರೋಗ್ಯ ಕೆಟ್ಟಿತ್ತು. ಹನ್ನೆರಡೇ ಬಾರ್, ಒಂದೇ ಸುತ್ತು. ಇಷ್ಟು ಕಡಿಮೆ ಸ್ವರದಲ್ಲಿ ಇಷ್ಟು ಹೇಳಬಹುದೇ ಎನಿಸುತ್ತದೆ. ಕ್ಯಾಮೆರಾ ಬಿಲಿಯ ಮುಖದ ಮೇಲಿದೆ, ತಲೆಯಾಡಿಸುತ್ತಾ ಕೇಳುತ್ತಿದ್ದಾಳೆ. ಸ್ವಲ್ಪ ಹೊತ್ತಿಗೆ ಹಾಕಿನ್ಸ್ ಬರುತ್ತಾನೆ, ಎಂದಿನಂತೆ ದೃಢವಾಗಿ. ಲೆಸ್ಟರ್ ತೀರಿಕೊಂಡದ್ದು 1959ರ ಮಾರ್ಚ್, ಬಿಲಿ ಅದೇ ಜುಲೈ.

— ಉಳಿದಿಬ್ಬರು?

— ಹಾಕಿನ್ಸ್ 1969ರವರೆಗೆ ನ್ಯೂಯಾರ್ಕಿನಲ್ಲಿದ್ದ. 1960ರಲ್ಲಿ ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್‌ನ ಹೋರಾಟದ ಸಂಗೀತ ‘ಫ್ರೀಡಂ ನೌ ಸ್ವೀಟ್’ನಲ್ಲಿ ಎಳೆಯರ ಜೊತೆ ನಿಂತು ನುಡಿಸಿದ. ವೆಬ್‌ಸ್ಟರ್ 1964ರಲ್ಲಿ ಯುರೋಪಿಗೆ ಹೋದವನು ಹಿಂತಿರುಗಲಿಲ್ಲ. 1973ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸತ್ತ, ಮಣ್ಣಾದದ್ದು ಕೋಪನ್‌ಹೇಗನ್‌ನಲ್ಲಿ. ಅಲ್ಲಿ ಅವನ ಹೆಸರಿನ ಒಂದು ರಸ್ತೆಯೂ ಇದೆ.

— ಈಗ ಏನು ಕೇಳಲಿ?

— ಕ್ರಮ ಬೇಕೆಂದರೆ ಮೊದಲು ‘ಬಾಡಿ ಅಂಡ್ ಸೋಲ್’, ಆಮೇಲೆ ‘ಕಾಟನ್ ಟೇಲ್’, ‘ಚೆಲ್ಸೀ ಬ್ರಿಜ್’. ಆಮೇಲೆ ಈ ಆಲ್ಬಮ್ಮಿಗೆ ಬಾ.

— ನಾನು ‘ಸೋಲ್‌ವಿಲ್’ನಿಂದ ಶುರುಮಾಡುತ್ತೇನೆ. ಹಿಂದಿನ ದಿನ, ಅದೇ ಪೀಟರ್ಸನ್, ಅದೇ ಎಲಿಸ್, ಅದೇ ಬ್ರೌನ್. ಹಾಕಿನ್ಸ್ ಮಾತ್ರ ಇಲ್ಲ. ಅಲ್ಲಿ ವೆಬ್‌ಸ್ಟರ್‌ನ ಸ್ವರ ಎಷ್ಟು ಹೊತ್ತಿಗೆ ಗಾಳಿಯಾಗುತ್ತದೆ, ಮರುದಿನ ಹಾಕಿನ್ಸ್ ಪಕ್ಕದಲ್ಲಿ ನಿಂತಾಗ ಎಷ್ಟು ಹೊತ್ತಿಗೆ, ಎರಡನ್ನೂ ಕೊಳಲು ಕೈಯಲ್ಲಿ ಹಿಡಿದು ಕೇಳಬೇಕು.

— ಹಾಗಾದರೆ ಡ್ರಮ್ಸ್ ಕಡೆಗೂ ಗಮನವಿರಲಿ. 15ರಂದು ಸ್ಟೋಲರ್ ಇರಲಿಲ್ಲ, ಸ್ಟ್ಯಾನ್ ಲೀವಿ ಕೂತಿದ್ದ. ವೆಬ್‌ಸ್ಟರ್ ಸ್ವರವನ್ನು ಎಷ್ಟು ಎಳೆಯಬಲ್ಲ ಎಂಬುದು ಹಿಂದೆ ಬ್ರಷ್ ಹಿಡಿದವನ ಕೈ ಎಷ್ಟು ಹಗುರ ಎಂಬುದನ್ನೂ ಅವಲಂಬಿಸಿರುತ್ತದೆ.